ಬಿಗಿ ಕುಪ್ಪಸ

ಮಗಳೇ ಕಸ್ತೂರಿ,

ನೀನು ತೀರಿಕೊಂಡು ಆರು ವರ್ಷ ಆತು. ಇದು ನಿನಗೆ ಮುಟ್ಟಲ್ಲ ಅಂತ ಗೊತ್ತು, ಆದ್ರೂ ಬರೀತೀನಿ.

ನಿನ್ನ ಮಗಳು ಸಂಧ್ಯಾ ದಾವಣಗೆರೆಗೆ ಹೋಗಿ ಎದೆ ಸಣ್ಣ ಮಾಡೋ ಆಪರೇಷನ್ ಮಾಡಿಸ್ಕೊಂಡು ಬಂದು ಹದಿನೈದು ದಿನ ಆತು. "ದೇವ್ರು ಕೊಟ್ಟಿದ್ದನ್ನ ಕೊಯ್ಸಿ ಬಂದ್ಯೇನೇ?" ಅಂದೆ. "ದೇವ್ರೇನು ಹೊತ್ಕೊಂಡು ತಿರುಗ್ತಾನಾ ಅಜ್ಜಿ?" ಅಂದ್ಲು. ನಾಲಿಗೆ ಮಾತ್ರ ನನ್ನದೇ.

ಕೈ ಮೇಲೆತ್ತಾಕೆ ಆಗಲ್ಲ ಅಂತ ಇವತ್ತು ನಾನೇ ಅವಳ ತಲೆ ಬಾಚಿದೆ. ಎರಡೂ ಹೆಗಲ ಮೇಲೆ ಬಾಡಿ ಪಟ್ಟಿ ಕೊರೆದ ಗುಳಿ ಇನ್ನೂ ಹಂಗೇ ಐತೆ. ನಿನ್ನ ಹೆಗಲ ಮೇಲೂ ಇತ್ತು. ನೀನು ಬೆನ್ನು ನೋವು ಅಂತ ಅತ್ತಾಗ, ಊರಿನೋರ ಕಣ್ಣು ಬೀಳಬಾರ್ದು ಅಂತ ನಾನು ಇನ್ನೂ ಬಿಗಿಯಾಗಿ ಕುಪ್ಪಸ ಹೊಲಿದು ಕೊಟ್ಟೆ. ಬಗ್ಗಿ ನಡಿ ಅಂದೆ. ನೀನು ಸಾಯೋವರೆಗೂ ಬಗ್ಗೇ ನಡೆದೆ.

"ಅವ್ವಗೂ ಹಿಂಗೇ ನೋಯ್ತಿತ್ತಾ ಅಜ್ಜಿ?" ಅಂತ ಸಂಧ್ಯಾ ಕೇಳಿದ್ಲು.

"ಗೊತ್ತಿಲ್ಲ ಕಣೇ. ನನ್ನ ಹತ್ರ ಒಂದು ದಿನಾನೂ ಹೇಳ್ಲಿಲ್ಲ" ಅಂದೆ.

"ಪಾಪ ಅವ್ವ. ಹೇಳಿದ್ರೆ ನೀನೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ ಬಿಡು" ಅಂದ್ಲು.

ನಾನು ಹೂಂ ಅಂದೆ.