ಸಿಸ್ಟರಮ್ಮನ ಮಗಳು ನೀರು ಓದಲು ಹೊರಟಳು

ಸಿಸ್ಟರಮ್ಮಾ,

ನೀವು ನನ್ನನ್ನು ಚಿಂತಾಮಣಿಯ ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ, ಬಚ್ಚಲಿನ ಬಾಗಿಲಲ್ಲಿ ನಿಂತು "ಬಾಯಿ ತೆಗಿ ನೋಡಣ" ಅಂದದ್ದು ನೆನಪಿದೆಯೇ? ನೀವು ದೊಡ್ಡಾಸ್ಪತ್ರೆಯ ನರ್ಸ್ ಎಂಬುದಷ್ಟೇ ಗೊತ್ತಿದ್ದ ನನಗೆ ಇನ್ನು ಇಂಜೆಕ್ಷನ್ನೇ ಗತಿ ಅನ್ನಿಸಿ ತುಟಿ ಬಿಗಿಹಿಡಿದಿದ್ದೆ. ಆಗ ನನಗೆ ಹತ್ತು ವರ್ಷ. ನನ್ನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಾನು ಬೆಳೆದ ಮಕ್ಕಳ ಮನೆಯಲ್ಲಿ ಜೊತೆಯ ಹುಡುಗಿಯರು ನನ್ನನ್ನು ಬೀಡಿಹಲ್ಲಿನವಳು ಎಂದೇ ಕರೆಯುತ್ತಿದ್ದರು. ನಾನು ಒಸಡಿನಲ್ಲಿ ರಕ್ತ ಬರುವವರೆಗೂ ಇದ್ದಿಲ ಪುಡಿ ಹಾಕಿ ಉಜ್ಜುತ್ತಿದ್ದೆ. ನೀವು ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಿರಿ.

"ಇದು ಉಜ್ಜದೆ ಆಗಿದ್ದಲ್ಲ ಕಣೇ. ಚಿಕ್ಕವಳಿದ್ದಾಗ ನೀನು ಕುಡಿದ ನೀರಲ್ಲಿ ಫ್ಲೋರೈಡ್ ಇತ್ತು, ಅದು ಮಾಡಿದ್ದು. ನಿಂದೇನೂ ತಪ್ಪಿಲ್ಲ."

ಆಮೇಲೆ ಬ್ರಷ್ಷಿಗೆ ಪೇಸ್ಟ್ ಹಾಕುತ್ತಾ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಎಷ್ಟೋ ಮಕ್ಕಳ ಹಲ್ಲು ಹೀಗೇ ಇರುತ್ತದೆ, ನೀನೂ ಆ ಕಡೆಯವಳೇ ಇರಬೇಕು ಎಂದಿರಿ. ನಿಮಗದು ಸಣ್ಣ ಮಾತು. ಐದು ವರ್ಷದವಳಿದ್ದಾಗ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವಳು ನಾನು. ಮಂಜುಳಾ ಎಂಬ ಹೆಸರು ಬಿಟ್ಟರೆ ಬೇರೇನೂ ಹೇಳಲು ಬರುತ್ತಿರಲಿಲ್ಲವಂತೆ. ಅಂಥವಳಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ತನ್ನದೆನ್ನಲು ಒಂದು ಸೀಮೆ ಸಿಕ್ಕಿದರೆ ಹೇಗಾಗಬೇಡ! ಅಂದು ಇದ್ದಿಲು ಬಿಟ್ಟೆ.

ನನ್ನನ್ನೇ ಯಾಕೆ ಕರೆದುಕೊಂಡು ಬಂದಿರಿ ಎಂದು ಒಮ್ಮೆ ಅವರೆಕಾಯಿ ಸುಲಿಯುತ್ತಾ ಕೇಳಿದ್ದೆ. ಆರೋಗ್ಯ ತಪಾಸಣೆಗೆಂದು ಡಾಕ್ಟರ ಜೊತೆ ನಮ್ಮ ಮಕ್ಕಳ ಮನೆಗೆ ಬಂದವರು ನೀವು. ಜ್ವರದಲ್ಲಿ ಮಲಗಿದ್ದ ನನ್ನ ಪಕ್ಕ ಸ್ವಲ್ಪ ಹೊತ್ತು ಕೂತಿದ್ದಿರಿ. ತಿಂಗಳು ಬಿಟ್ಟು ಮತ್ತೆ ಬಂದಿರಿ, ಆ ಸಲ ತಪಾಸಣೆ ಏನೂ ಇರಲಿಲ್ಲ. "ಯಾಕೋ ಕಾಣೆ ಕಣೇ. ಬಸ್ಸಲ್ಲಿ ವಾಪಸ್ ಬರ್ತಾ ನಿನ್ನ ಜ್ವರ ಬಿಡ್ತೋ ಇಲ್ವೋ ಅಂತ..." ಎಂದು ಅಲ್ಲಿಗೇ ನಿಲ್ಲಿಸಿ, ಹುಳುಕು ಕಾಯಿ ಆರಿಸತೊಡಗಿದಿರಿ. ಅದಕ್ಕಿಂತ ದೊಡ್ಡ ಕಾರಣ ಬೇಕೆಂದು ನನಗೂ ಅನ್ನಿಸಲಿಲ್ಲ. ಊರೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಅದೇ ನಿಂತಿತು.

ನನಗೆ ಹದಿನೆಂಟು ತುಂಬಿದ ವಾರ ಜಿಲ್ಲಾ ಕಚೇರಿಯಿಂದ ಒಬ್ಬರು ಬಂದಿದ್ದರಲ್ಲ, ತೆಳ್ಳನೆಯ ಒಳ್ಳೆಯ ಮನುಷ್ಯ. ನನ್ನದು ದತ್ತು ಆಗಿರಲಿಲ್ಲ. ಹದಿನೆಂಟರವರೆಗೆ ಒಂದು ಮನೆಯಲ್ಲಿ ಬೆಳೆಸುವ ವ್ಯವಸ್ಥೆ; ಕಾಗದದಲ್ಲಿ ನೀವು 'ಪೋಷಕ ಕುಟುಂಬ'. ಇವತ್ತಿಗೆ ಈ ಫೈಲು ಮುಗಿಯಿತು ಎಂದು ಅವರು ಸಂಕೋಚದಿಂದಲೇ ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನೀವು ಅವರ ಕೈಗೆ ಟೀ ಲೋಟ ಕೊಟ್ಟು, "ಫೈಲ್ ನೀವು ತಗೊಂಡ್ಹೋಗಿ ಸಾರ್, ಹುಡುಗಿ ಇಲ್ಲೇ ಇರ್ತಾಳೆ" ಅಂದಿರಿ. ಅವರು ನಕ್ಕರು. ನಾನು ಒಳಗೆ ಹೋಗಿ ಅಕ್ಕಿ ತೊಳೆದಿಟ್ಟೆ.

ಸಂಕ್ರಾಂತಿಗೆ ನಿಮ್ಮ ತಮ್ಮ ಬರುತ್ತಿದ್ದ ದಿನಗಳು ಮಾತ್ರ ನನಗೆ ಕಷ್ಟದವು. ಗೌರಿಬಿದನೂರಿನಾಚೆ, ವಿದುರಾಶ್ವತ್ಥದ ಹತ್ತಿರದ ನಿಮ್ಮ ತವರಿನಿಂದ ನಾರಾಯಣಸ್ವಾಮಿಯವರು ಚೀಲದ ತುಂಬ ಕಡಲೆಕಾಯಿ, ಗೆಣಸು ತರುತ್ತಿದ್ದರು. ನನ್ನ ಜೊತೆ ಮಾತಿಲ್ಲ. ನೀರು ಕೊಟ್ಟರೆ ಲೋಟ ತೆಗೆದುಕೊಂಡು ಗೋಡೆ ನೋಡುವರು. ಒಂದು ಸಲ ಅಡುಗೆಮನೆಗೆ ಕೇಳುವಂತೆಯೇ, "ಆ ಹುಡುಗಿ ಇನ್ನೂ ಇಲ್ಲೇ ಇದಾಳಾ?" ಎಂದು ಕೇಳಿದರು. ಅದಕ್ಕೆ ನೀವು, ಗೆಣಸು ಈ ಸಲ ಸಿಹಿಯಾಗಿದೆ ಎಂದಿರಿ. ನಿಮ್ಮ ಜಗಳವೆಲ್ಲ ಹಾಗೇ ಅಲ್ಲವೇ, ಎದುರಿನವರಿಗೆ ಜಗಳ ಆಯಿತೆಂದೇ ತಿಳಿಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಭೂವಿಜ್ಞಾನ ಓದುತ್ತೇನೆ ಎಂದಾಗ ಕಲ್ಲು ಓದಿ ಏನು ಮಾಡುತ್ತೀಯ ಎಂದು ಕೇಳಿದ್ದಿರಿ. ಕಲ್ಲಲ್ಲ, ಕಲ್ಲಿನ ಸಂದಿಯ ನೀರು ಎಂದಿದ್ದೆ. ಓದು ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ, ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೆ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಂಡು ಬರುವಾಗ ಹಳ್ಳಿಯ ಮಕ್ಕಳು ನನ್ನನ್ನು ನೋಡಿ ನಗುತ್ತಿದ್ದವು, ಅದೇ ಕಂದು ಪಟ್ಟೆಯ ಹಲ್ಲು ಬಿಟ್ಟುಕೊಂಡು. ಯಾವ ಬಂಡೆಯಿಂದ ಈ ವಿಷ ನೀರಿಗೆ ಇಳಿಯುತ್ತದೆ, ಎಷ್ಟು ಆಳದಲ್ಲಿ ಹೆಚ್ಚು, ಪಕ್ಕದ ಊರಿನ ನೀರು ಯಾಕೆ ಚೆನ್ನಾಗಿದೆ? ನಾನು ಓದಿದ್ದು ಇಷ್ಟಕ್ಕೆ ಸಾಲುತ್ತಿರಲಿಲ್ಲ. ಅಂತರ್ಜಲವನ್ನೇ ಕಲಿಸುವ ಕೋರ್ಸು ನೆದರ್‌ಲ್ಯಾಂಡ್ಸ್‌ನಲ್ಲಿದೆ ಎಂದು ಗೊತ್ತಾಗಿ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶ ಅದು, ನೀರನ್ನು ಹೊರಗೆ ಹಾಕುವುದೇ ಅವರ ಕೆಲಸ ಎಂದು ನಾನು ವಿವರಿಸಿದರೆ, ನೀವು ಆಸ್ಪತ್ರೆಗೆ ಹೋಗಿ ಎಲ್ಲರಿಗೂ, ನಮ್ಮ ಮಂಜು ನೀರು ಜಾಸ್ತಿ ಇರೋ ದೇಶಕ್ಕೆ ಹೋಗ್ತಾಳೆ ಎಂದು ಹೇಳಿಬಂದಿರಿ.

ಮೊದಲ ಸಲ ವಿದ್ಯಾರ್ಥಿವೇತನಕ್ಕೆಂದು ನಾವಿಬ್ಬರೂ ಬೆಂಗಳೂರಿನ ಆ ಕಚೇರಿಗೆ ಹೋದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅಪ್ಪ ಅಮ್ಮನ ಆದಾಯ ತೋರಿಸಿ ಎಂದರು, ಇಲ್ಲ. ಹಾಗಿದ್ದರೆ ಅನಾಥೆಯೇ? ಅದಕ್ಕೂ ಆಗುವುದಿಲ್ಲ, ಹತ್ತನೇ ವಯಸ್ಸಿನಿಂದ ಒಂದು ಮನೆಯಲ್ಲಿ ಬೆಳೆದಿದ್ದೀರಿ. ಹಾಗಾದರೆ ಆ ಮನೆಯವರು ಪೋಷಕರೇ? ಅದೂ ಅಲ್ಲ, ಹದಿನೆಂಟಕ್ಕೇ ಮುಗಿದಿದೆ. ನಿಮ್ಮ ಕೇಸು ಯಾವ ಕಾಲಂಗೂ ಕೂರುವುದಿಲ್ಲ ಎಂದು ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು. ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ದೇವನಹಳ್ಳಿ ದಾಟಿ ನಂದಿಬೆಟ್ಟ ಕಾಣತೊಡಗಿತು. ನೀವು ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತಾ, "ಇಲ್ಲ ಅಂದ್ರೆ ಇನ್ನೊಂದ್ ಕಡೆ ಹೋಗಣ ಬಿಡು. ನೀನೇನು ಅವರ ಕಾಲಂ ನೋಡ್ಕೊಂಡು ಹುಟ್ಟಿದೀಯಾ?" ಅಂದಿರಿ. ಆ ವರ್ಷದ ಸೀಟು ಕೈತಪ್ಪಿತು. ಇನ್ನೊಂದು ಕಡೆ ಹೋಗುವ ಹೊತ್ತಿಗೆ ನೀವು...

ನೀವು ಹೋದ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀವೇ ಎಷ್ಟೋ ವರ್ಷ ದುಡಿದ ವಾರ್ಡು. ಹೃದಯ ನಿಂತದ್ದನ್ನು ನನಗೆ ಹೇಳಲು ಬಂದವಳು ನೀವೇ ಕೆಲಸ ಕಲಿಸಿದ ಹುಡುಗಿ, ಅವಳೇ ಮೊದಲು ಅತ್ತಳು. ನಿಮ್ಮ ತಮ್ಮ ಬಂದು ನಿಮ್ಮನ್ನು ಊರಿಗೆ ಕರೆದೊಯ್ದರು. ಅಲ್ಲಿ ನಾನು ಹೆಂಗಸರ ಹಿಂದೆ ನಿಂತಿದ್ದೆ. ನಾನು ಯಾರೆಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಚಿಂತಾಮಣಿಗೆ ಮರಳಿದಾಗ ಕೆಳಮನೆಯ ಮುಮ್ತಾಜ್ ಆಂಟಿ, ನಮ್ಮ ಮನೆ ಓನರ್ರು, ಬಾಗಿಲಲ್ಲೇ ಕಾಯುತ್ತಿದ್ದರು. ಬೀಗದ ಕೈ ಕೊಡಲು ಹೋದರೆ ನನ್ನ ಬೆರಳು ಮಡಚಿ, "ಮನೆ ನಿಂದೇ ಬೇಟಾ, ಯಾರು ಖಾಲಿ ಮಾಡು ಅಂದ್ರು?" ಎಂದರು. ಅನ್ನ ತಂದು ಎದುರಿಗೆ ಕೂತು ತಿನ್ನಿಸಿದರು. ಮುರುಗಮಲ್ಲದ ದರ್ಗಾಕ್ಕೆ ನನ್ನ ಹೆಸರಲ್ಲಿ ಹರಕೆ ಹೊತ್ತರು. ಯಾವುದಕ್ಕೆ ಎಂದರೆ, ಎಲ್ಲದಕ್ಕೂ ಎಂದರು.

ಎರಡನೆಯ ಸಂದರ್ಶನದ ದಿನ ನಿಮ್ಮ ಹಸಿರು ಅಂಚಿನ ಸೀರೆ ಉಟ್ಟಿದ್ದೆ. ಮರುವರ್ಷಕ್ಕೆ ಸೀಟು ಮತ್ತೆ ಸಿಕ್ಕಿತ್ತು; ವಿದ್ಯಾರ್ಥಿವೇತನ ಕೊಡುವ ಬೇರೆ ಒಂದು ಟ್ರಸ್ಟು ಅದು. ಮೂವರು ಕೂತಿದ್ದರು. ನಿಮ್ಮ ಕುಟುಂಬದ ಬಗ್ಗೆ ಹೇಳಿ ಎಂದಾಗ ಚಿಂತಾಮಣಿಯ ಒಬ್ಬ ನರ್ಸಿನ ಬಗ್ಗೆ ಹೇಳಿದೆ. ಹೇಳುತ್ತಾ ಹೋದಂತೆ ಅಳುತ್ತೇನೆ ಎಂದುಕೊಂಡಿದ್ದೆ; ಸಿಸ್ಟರಮ್ಮಾ, ನನಗೆ ಖುಷಿಯಾಗುತ್ತಿತ್ತು. ನಿಮ್ಮ ಬಗ್ಗೆ ಕೂತು ಹೇಳು ಎಂದು ಅದುವರೆಗೆ ಯಾರು ಕೇಳಿದ್ದರು? ಕೊನೆಗೆ ಅವರಲ್ಲಿ ಹಿರಿಯ ಹೆಂಗಸು, ಇಷ್ಟು ವಿಷಯಗಳಿರುವಾಗ ಅಂತರ್ಜಲವೇ ಯಾಕೆ ಎಂದರು. ನಾನು ಬಾಯಿ ಮುಚ್ಚಿಕೊಳ್ಳದೆ ನಕ್ಕು ತೋರಿಸಿದೆ. ಅಂದು ಬಚ್ಚಲಿನ ಬಾಗಿಲಲ್ಲಿ ನೀವು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ. ಎರಡು ವಾರಕ್ಕೆ ಆಯ್ಕೆಯಾದ ಸುದ್ದಿ ಬಂತು. ಜೊತೆಗೆ ಒಂದು ಷರತ್ತು: ಓದು ಮುಗಿಸಿ ಹಿಂತಿರುಗುತ್ತಾಳೆ ಎಂದು ಆಸ್ತಿಯಿರುವ ಹತ್ತಿರದ ಸಂಬಂಧಿಕರೊಬ್ಬರು ಜಾಮೀನು ಹಾಕಬೇಕು. ಮುಮ್ತಾಜ್ ಆಂಟಿ ಮನೆಪತ್ರ ತೆಗೆದುಕೊಂಡೇ ಮೇಲೆ ಬಂದರು. ಆದರೆ ಸಂಬಂಧಿಕರೇ ಆಗಬೇಕಿತ್ತು. ಕೇಳಬಹುದಾದವರು ನಿಮ್ಮ ತಮ್ಮ ಒಬ್ಬರೇ.

ಗೌರಿಬಿದನೂರಿನ ಬಸ್ಸು ಹತ್ತಿದ ಮೇಲೂ ಅರ್ಧ ದಾರಿಯಲ್ಲಿ ಇಳಿದುಬಿಡೋಣ ಎನಿಸಿತ್ತು. ನಿಮ್ಮ ತಮ್ಮ ಮನೆಯ ಮುಂದೆ ಮುಸುಕಿನ ಜೋಳದ ತೆನೆ ಹರವುತ್ತಿದ್ದರು. ನನ್ನನ್ನು ನೋಡಿ ಜಗಲಿ ತೋರಿಸಿದರು. ಅವರ ಹೆಂಡತಿ ಅನಸೂಯಮ್ಮನವರು ಮೊದಲು ಊಟ ಮಾಡು ಎಂದು ಮುದ್ದೆ, ಉಪ್ಸಾರು ಬಡಿಸಿದರು. ಉಂಡು, ಕೈ ತೊಳೆದು, ಎಲ್ಲ ಹೇಳಿದೆ. ಆಗದಿದ್ದರೆ ಬೇಸರವಿಲ್ಲ ಎಂದೂ ಹೇಳಿದೆ, ಅದು ನಿಜವಲ್ಲದಿದ್ದರೂ. ಅವರು ಒಂದು ತೆನೆ ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದರು.

"ಅಕ್ಕ ಭಾನುವಾರ ಫೋನ್ ಮಾಡೋಳು," ಎಂದರು. "ನನ್ನ ಆರೋಗ್ಯ ಒಂದು ಮಾತು, ಮಳೆ ಒಂದು ಮಾತು. ಆಮೇಲೆಲ್ಲ ನಿನ್ನ ಸುದ್ದಿನೇ. ಮಂಜು ಪಾಸಾದ್ಲು, ಮಂಜುಗೆ ಕೆಲಸ ಸಿಕ್ತು, ಮಂಜುಗೆ ನೆಗಡಿ. ಕೇಳಿ ಕೇಳಿ ನಂಗೆ ಬಾಯಿಪಾಠ ಆಗೋಗಿದೆ. ನಂಗೆ ರೇಗೋದು. ನನ್ನ ಮಕ್ಕಳ ಬಗ್ಗೆ ಅಷ್ಟು ಕೇಳ್ತಿರ್ಲಿಲ್ಲ ಅವಳು." ಕೈಯಲ್ಲಿದ್ದ ತೆನೆಯನ್ನು ರಾಶಿಗೆ ಎಸೆದು, "ಈಗ ಭಾನುವಾರ ಫೋನೇ ಬರಲ್ಲ," ಎಂದರು.

ಅವರು ಎದ್ದು ಪಂಚೆ ಕೊಡವಿಕೊಂಡು, ಸೋಮವಾರ ಗೌರಿಬಿದನೂರಿಗೆ ಬಾ, ಲಾಯರ ಹತ್ತಿರ ಹೋಗೋಣ ಎಂದಷ್ಟೇ ಹೇಳಿ ಹೊಲದ ಕಡೆ ನಡೆದರು.

ಆ ಸೋಮವಾರದ್ದನ್ನು ನಿಮಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆದೆ. ಲಾಯರು ನಿಮ್ಮ ಮನೆತನ ಬಲ್ಲವರು, ವಯಸ್ಸಾದವರು. ನಾನು ಹೊರಗಿನ ಬೆಂಚಿನಲ್ಲಿದ್ದೆ. ನಾರಾಯಣಸ್ವಾಮಿಯವರು ಬಾಗಿಲಿಂದ ತಲೆ ಹೊರಗೆ ಹಾಕಿ, "ಇಟ್ಲ ರಾಮ್ಮ" ಎಂದು ತೆಲುಗಿನಲ್ಲಿ ಒಳಗೆ ಕರೆದರು, ಮನೆಯ ಮಕ್ಕಳನ್ನು ಕರೆಯುವ ಹಾಗೆ. ಹೋಗಿ ಪಕ್ಕ ನಿಂತೆ. ಹುಡುಗಿ ನಿಮಗೆ ಏನಾಗಬೇಕು ಎಂದು ಲಾಯರು ಕೇಳಿದರು.

"ಅಕ್ಕನ ಮಗಳು."

ಲಾಯರು ಪೆನ್ನು ಕೆಳಗಿಟ್ಟರು. "ಯಾವ ಅಕ್ಕ? ಸರೋಜಮ್ಮನಿಗೆ ಮದುವೆ ಆಗಿರ್ಲಿಲ್ವಲ್ಲಪ್ಪ."

"ಮದುವೆ ಆಗಿರ್ಲಿಲ್ಲ. ಮಗಳಿದ್ಲು," ಎಂದರು ನಿಮ್ಮ ತಮ್ಮ. "ಹೆತ್ತಿದ್ದಲ್ಲ, ಸಾಕಿದ್ದು. ಹಂಗೇ ಬರ್ಕೊಳ್ಳಿ. ನಾನು ಸೋದರಮಾವ."

ಲಾಯರು ನನ್ನನ್ನೂ ಅವರನ್ನೂ ನೋಡಿ, ಹಾಗೇ ಬರೆದುಕೊಂಡರು. ಇದಕ್ಕೆ ಟ್ರಸ್ಟಿನವರು ಏನನ್ನುತ್ತಾರೋ ಎಂಬ ಭಯ ವಾರವಿಡೀ ಇತ್ತು. ಒಪ್ಪಿಕೊಂಡರು. ಅಂದು ಹೊರಗೆ ಬಂದ ಮೇಲೆ ಮಾವ (ನೋಡಿ, ಈಗ ಹಾಗೇ ಕರೆಯುತ್ತೇನೆ, ನಿಮ್ಮ ಕಿವಿಗೆ ಬೀಳಬೇಕಿತ್ತು) ಹೋಟೆಲಿಗೆ ಕರೆದೊಯ್ದು ಮಸಾಲೆದೋಸೆ ಕೊಡಿಸಿದರು. ಬಸ್ಸು ಹತ್ತಿಸುವಾಗ, ಆ ದೇಶದಲ್ಲಿ ಚಳಿಯಂತೆ, ಸ್ವೆಟರ್ ತಗೋ ಎಂದರು. ಈಗ ಭಾನುವಾರ ಅವರಿಗೆ ನಾನು ಫೋನ್ ಮಾಡುತ್ತೇನೆ. ನೆಗಡಿ ಬಂದರೂ ಹೇಳುತ್ತೇನೆ.

ವೀಸಾ ಬಂದಿದೆ ಸಿಸ್ಟರಮ್ಮಾ. ಇನ್ನೊಂದು ವಾರಕ್ಕೆ ಹೊರಡುತ್ತೇನೆ. ಮುಮ್ತಾಜ್ ಆಂಟಿ ಹರಕೆ ತೀರಿಸಿ ಬಂದರು, ನಾನೂ ಜೊತೆಗೆ ಹೋಗಿದ್ದೆ. ಇನ್ನೊಂದು ಸುದ್ದಿ ಮೊನ್ನೆಯಷ್ಟೇ ಬಂದದ್ದು: ಕೊನೆಯ ಆರು ತಿಂಗಳ ಅಧ್ಯಯನಕ್ಕೆ ನಮ್ಮ ಬಾಗೇಪಲ್ಲಿ, ಗೌರಿಬಿದನೂರಿನ ಬೋರ್‌ವೆಲ್‌ಗಳನ್ನೇ ತೆಗೆದುಕೋ ಎಂದು ಅಲ್ಲಿನ ಪ್ರೊಫೆಸರ್ ಒಪ್ಪಿದ್ದಾರೆ. ಮುಂದಿನ ಬೇಸಿಗೆಗೆ ನೀರಿನ ಬಾಟಲಿ ಹಿಡಿದು ಇಲ್ಲೇ ಊರೂರು ತಿರುಗುತ್ತಿರುತ್ತೇನೆ. ಮಾವನಿಗೆ ಫೋನಿನಲ್ಲಿ ಹೇಳಿ, ಗೌರಿಬಿದನೂರಿನಲ್ಲಿ ಒಂದು ರೂಮು ನೋಡಬೇಕು ಎಂದೆ. ಅವರು ಸ್ವಲ್ಪ ಸಿಟ್ಟಿನಿಂದಲೇ, "ರೂಮೂ ಬೇಡ, ಲಾಡ್ಜೂ ಬೇಡ. ಅಕ್ಕ ರಜಕ್ಕೆ ಬಂದ್ರೆ ಇರ್ತಿದ್ದ ಮೇಲಿನ ಕೋಣೆ ಖಾಲಿ ಇದೆ, ಮನೇಗೆ ಬಾರಮ್ಮ" ಎಂದರು. ಕಿಟಕಿಗೆ ಸೊಳ್ಳೆಪರದೆ ಹಾಕಿಸಲು ನಿನ್ನೆಯೇ ಬಡಗಿಯನ್ನು ಕರೆಸಿದ್ದರಂತೆ.

ನಿಮ್ಮ
ಮಂಜು