ಜನವರಿಯಲ್ಲಿ ಎಣಿಸಿದ ಚಿಟ್ಟೆಗಳು

ಮರಗಳ ಮೇಲ್ವಿಚಾರಣೆ ವಹಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ಮೌಂಟ್ ಆಲ್ಬರ್ಟ್ ಪಾರ್ಕಿನ ಮುದಿ ಪೈನ್ ಮರಕ್ಕೆ ನೀವು ಅಂಟಿಸಿರುವ ನೋಟಿಸನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ‘ಪರಿಶೀಲನೆಯ ವೇಳೆ ಮೊನಾರ್ಕ್ ಚಿಟ್ಟೆಗಳು ಕಂಡುಬಂದಿಲ್ಲ, ಆದ್ದರಿಂದ ಜುಲೈ ಹದಿನೈದರಂದು ಮರವನ್ನು ತೆಗೆಯಲಾಗುವುದು.’ ಪರಿಶೀಲಿಸಿದ ದಿನ, ಜನವರಿ ಇಪ್ಪತ್ತೊಂದು. ಸ್ವಾಮಿ, ನಡು ಬೇಸಿಗೆಯಲ್ಲಿ ಯಾವ ಚಿಟ್ಟೆ ಆ ಮರಕ್ಕೆ ಅಂಟಿ ಕೂತಿರುತ್ತದೆ? ಆಗ ಅವು ಊರವರ ಹಿತ್ತಿಲುಗಳಲ್ಲಿ ಸಂಸಾರ ಹೂಡಿರುತ್ತವೆ. ಚಳಿ ಬಿದ್ದ ಮೇಲೆ ದೂರದಿಂದ ಹಾರಿ ಬಂದು ಇದೇ ಮರದಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತವೆ. ಭೂಮಿಯ ದಕ್ಷಿಣ ತುದಿಯ ಈ ದೇಶಕ್ಕೆ ಬಂದ ಮೊದಲ ಡಿಸೆಂಬರಿನಲ್ಲಿ ನಾನು ಸ್ವೆಟರು, ಮಫ್ಲರು ತೊಟ್ಟು ವಿಮಾನ ಇಳಿದು ಬೆವತವನು. ಇಲ್ಲಿಯ ಕಾಲ ತಿರುಗುಮುರುಗು, ಡಿಸೆಂಬರಿಗೆ ಬೇಸಿಗೆ, ಜೂನಿಗೆ ಚಳಿ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕಚೇರಿಗೂ ಗೊತ್ತಿಲ್ಲವೆಂದರೆ ನಂಬಲು ನಾನೇನು ತೊಟ್ಟಿಲ ಕೂಸೇ?

ನೋಟಿಸಿನ ಕೆಳಗಿನ ನಕ್ಷೆಯನ್ನೂ ನೋಡಿದೆ. ಮರವಿರುವ ಜಾಗದಲ್ಲಿ ಹನ್ನೆರಡು ಕಾರು ನಿಲ್ಲಿಸುವ ಗೆರೆಗಳು. ಮೂಲೆಯಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, ನಕ್ಷೆ ಬರೆದ ತಿಂಗಳು: ಕಳೆದ ನವೆಂಬರ್. ಅಂದರೆ ಕಾರುಗಳನ್ನು ಮೊದಲು ಎಣಿಸಿ, ಚಿಟ್ಟೆಗಳನ್ನು ಆಮೇಲೆ ಎಣಿಸಿದಿರಿ. ಎಷ್ಟು ಅನುಕೂಲದ ಗಣಿತ!

ನಾನು ಬಾಗಲಕೋಟೆ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವನು. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಜೋಳದ ಸುಗ್ಗಿಯಲ್ಲಿ ಬಂದು, ಖಾಲಿ ಕೋಣೆ ನೋಡಿ, ‘ವಿದ್ಯಾರ್ಥಿಗಳಿಲ್ಲ’ ಎಂದು ಬರೆಯಲು ಪೆನ್ನು ತೆಗೆದರು. ನಾನು ಹೊಲದಿಂದ ಓಡಿ ಬಂದು ಹತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿದೆ. ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು, ಶಾಲೆ ಉಳಿಯಿತು. ಅದು ಹದಿಮೂರರ ಮಗ್ಗಿ ಎಂದು ನನ್ನ ಹೆಂಡತಿ ಮಲ್ಲವ್ವ ಹೇಳುತ್ತಾಳೆ. ಅವಳು ಆಗ ಅಲ್ಲಿರಲಿಲ್ಲ.

ಸಾಕ್ಷಿ ಬೇಕೇ? ಕೇಳಿ. ಈ ಫೆಬ್ರುವರಿಯಲ್ಲಿ ರಥಸಪ್ತಮಿ ಬಂತು. ಅಂದು ಎಕ್ಕದ ಏಳು ಎಲೆಗಳನ್ನು ತಲೆ, ಹೆಗಲು, ಮಂಡಿ, ಪಾದಗಳ ಮೇಲಿಟ್ಟುಕೊಂಡು ಸ್ನಾನ ಮಾಡುವುದು ನಮ್ಮ ಪದ್ಧತಿ. ನಾವಿರುವ ಹೆಂಡರ್ಸನ್ನಿನಲ್ಲಿ ಎಕ್ಕ ಎಲ್ಲಿಂದ ತರಲಿ? ಮೊಮ್ಮಗಳು ವಚನಾ ಚಿಟ್ಟೆಗಳಿಗೆಂದು ಹಿತ್ತಿಲಲ್ಲಿ ಬೆಳೆಸಿದ್ದ ಸ್ವಾನ್ ಪ್ಲಾಂಟ್ ಎಂಬ ಗಿಡದ ಎಲೆ ಚಿವುಟಿದೆ. ಹಾಲು ಬಂತು. ಇದು ಎಕ್ಕದ ತಂಗಿಯೇ ಎಂದು ತೀರ್ಪು ಕೊಟ್ಟು ಏಳು ಎಲೆ ಕಿತ್ತು, ಹಿತ್ತಿಲ ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂತೆ. ಮಲ್ಲವ್ವ ತಂಬಿಗೆ ಎತ್ತಿದಳು.

“ಅಜ್ಜಾ, ಡೋಂಟ್ ಮೂವ್! ಕ್ಯಾಟರ್‌ಪಿಲ್ಲರ್ ಆನ್ ಯುವರ್ ಹೆಡ್!” ಎಂದು ವಚನಾ ಚೀರಿದಳು.

“ಎಕ್ಕದ ಎಲಿ ಅಂತ ಹುಳಾ ಹೊತ್ಕೊಂಡು ಕುಂತೀರಲ್ರೀ,” ಮಲ್ಲವ್ವ ನಕ್ಕಳು. “ನೀರು ಹಾಕಲೋ, ಬ್ಯಾಡೋ?”

“ಹಾಕಬ್ಯಾಡ, ತಡಿ! ಅದರ ಊಟಾ ನಾನೇ ಕಿತ್ತೀನಿ.”

ಈ ವರ್ಷ ಎಲೆಯಿಲ್ಲದೆ ಮಿಂದೆ. ಸೂರ್ಯನಾರಾಯಣ ಈವರೆಗೆ ದೂರು ಕೊಟ್ಟಿಲ್ಲ. ಹುಳು ಗಿಡಕ್ಕೆ ಮರಳಿ, ಮಾರ್ಚಿನಲ್ಲಿ ಚಿಟ್ಟೆಯಾಯಿತು. ಚಿಟ್ಟೆಗಳ ದಾರಿ ಹುಡುಕುವ ಹವ್ಯಾಸಿಗಳು ಕೊಟ್ಟಿದ್ದ, ಕುಂಕುಮದ ಬೊಟ್ಟಿನಷ್ಟಿರುವ ಚೀಟಿಯನ್ನು ವಚನಾ ಅದರ ರೆಕ್ಕೆಗೆ ಅಂಟಿಸಿ ಹಾರಿಬಿಟ್ಟಳು. ನಂಬರು 417. ಕಳೆದ ವಾರ ನಿಮ್ಮ ಅದೇ ಮರದ ಕೆಳಗೆ ದುರ್ಬೀನು ಹಿಡಿದು ನಿಂತವಳು ನನ್ನ ತೋಳು ಜಗ್ಗಿ, “ಅಜ್ಜಾ, ಫೋರ್ ಒನ್ ಸೆವೆನ್!” ಎಂದು ಪಿಸುಗುಟ್ಟಿದಳು. ಹೆಂಡರ್ಸನ್ನಿನಿಂದ ಅಲ್ಲಿಗೆ ಬರಲು ಟ್ರೇನಿದ್ದೂ ನಾನು ಎರಡು ಸಲ ದಾರಿ ತಪ್ಪಿದ್ದೇನೆ. ಆ ಚಿಟ್ಟೆಗೆ ದಾರಿ ಯಾರು ಹೇಳಿಕೊಟ್ಟರು?

ಚಳಿಗೆ ಸೆಟೆದ ಚಿಟ್ಟೆ ಗರಗಸದ ಸದ್ದಿಗೆ ಹಾರಲಾರದು. ಕೊಂಬೆಯ ಜೊತೆಗೇ ನೆಲಕ್ಕೆ ಬೀಳುತ್ತದೆ. ಮರ ಇನ್ನೂ ಇದೆಯೇ ಎಂದು ಮೊಮ್ಮಗಳು ದಿನಾ ಕೇಳುತ್ತಾಳೆ. ಆ ಚಿಟ್ಟೆಯ ಊಟ ಒಮ್ಮೆ ಕಿತ್ತವನು ನಾನು. ಅದರ ಮನೆಯನ್ನೂ ಕೀಳುವಾಗ ಬಾಯಿ ಮುಚ್ಚಿಕೊಂಡಿರಲಾರೆ.

ಆದ್ದರಿಂದ ಜುಲೈ ಹದಿನೈದರೊಳಗೆ ಒಂದು ಬೆಳಿಗ್ಗೆ ಎಂಟಕ್ಕೆ ಬನ್ನಿ; ಹೊಸದಾಗಿ ಎಣಿಸೋಣ. ಮುಚ್ಚಿದ ರೆಕ್ಕೆ ಒಣ ಎಲೆಯಂತೆ ಕಾಣುತ್ತದೆ. ‘ಒಣ ಎಲೆ’ ಎಂದು ಬರೆದುಕೊಂಡು ಹೊರಟುಬಿಡಬೇಡಿ. ಬಿಸಿಲು ಏರಲಿ, ಅವೇ ರೆಕ್ಕೆ ಬಿಚ್ಚಿ ಹಾಜರಿ ಹೇಳುತ್ತವೆ. ಅಲ್ಲಿಯವರೆಗೆ ದಯವಿಟ್ಟು ಪೆನ್ನಿನ ಟೋಪಿ ಮುಚ್ಚಿಡಿ.

ಇಂತಿ,
ಏಳು ಎಲೆ ಕಿತ್ತ ತಪ್ಪನ್ನು ಒಪ್ಪಿಕೊಂಡಿರುವ
ಸಿದ್ರಾಮಪ್ಪ ಅಂಕಲ್
ಹೆಂಡರ್ಸನ್, ಜೂನ್ 2008