ಎಡಗಡೆಯ ಕೆಂಪು ದೀಪ

ಫೆಬ್ರವರಿ 9, ಭಾನುವಾರ

ಎಡಗಡೆ ಬಾಗಿಲಿನ ಕೊನೆಯ ಬೋಲ್ಟ್ ಇವತ್ತೂ ಬರಲಿಲ್ಲ. ಎಣ್ಣೆ ಹಾಕಿದ್ದಾಯಿತು, ತಟ್ಟಿದ್ದಾಯಿತು, ಬೈದದ್ದೂ ಆಯಿತು. ತುಕ್ಕು ಯಾವುದು, ಬೋಲ್ಟ್ ಯಾವುದು ಗೊತ್ತಾಗುತ್ತಿಲ್ಲ.

ಇವರು ಟಾರ್ಚ್ ಹಿಡಿದಿದ್ದರು. ಇವರು ಬೆಳಕು ಬಿಡುವುದು ನಾನು ಕೆಲಸ ಮಾಡುವ ಕಡೆಗಲ್ಲ, ತಮಗೆ ಕುತೂಹಲ ಇರುವ ಕಡೆಗೆ. ನಾನು ಬಾಗಿಲಿನ ಕೆಳಗೆ, ಬೆಳಕು ಸ್ಟೀರಿಂಗ್ ಮೇಲೆ. ಶಾಲೆಯಲ್ಲಿ ಭೂಗೋಳ ಕಲಿಸುವವರು. ಭೂಮಿಯ ಮೇಲೆ ಯಾವ ನದಿ ಎಲ್ಲಿದೆ ಗೊತ್ತು, ಹೆಂಡತಿಯ ಕೈ ಎಲ್ಲಿದೆ ಗೊತ್ತಿಲ್ಲ. ಹೇಳಿದೆ. ನಕ್ಕರು. ಬೆಳಕು ಸ್ವಲ್ಪ ಹೊತ್ತು ಸರಿಯಾದ ಜಾಗಕ್ಕೆ ಬಂದು, ಮತ್ತೆ ಹೊರಟುಹೋಯಿತು.

ಕಾರು ಶೆಡ್ಡಿಗೆ ಬಂದು ಒಂದು ತಿಂಗಳು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಹುಟ್ಟಿದಾಗ ಕೆಂಪು, ಈಗ ಹೇಳಲು ಬರುವುದಿಲ್ಲ. ಯಾರೋ ಗೋಡೆಗೆ ಗುದ್ದಿ, ಗುಜರಿಗೆ ಹಾಕಿ, ಗುಜರಿಯಲ್ಲಿ ಎತ್ತಿ ಇಳಿಸುವಾಗ ಹಿಂದಿನ ಎಡ ದೀಪವೂ ಒಡೆದು... ಅಗ್ಗಕ್ಕೆ ಸಿಕ್ಕಿತು. ಗುಜರಿಯವನೇ ಕೇಳಿದ, "ಮೇಡಂ, ಪಕ್ಕಾನಾ?" ದೀಪದ ಚೂರುಗಳನ್ನೂ ಆರಿಸಿಕೊಂಡು ಡಬ್ಬಿಯಲ್ಲಿ ತಂದಿದ್ದೇನೆ. ಅದನ್ನು ನೋಡಿ ಅವನಿಗೆ ನನ್ನ ತಲೆಯ ಬಗ್ಗೆ ಇದ್ದ ಅನುಮಾನ ಪೂರ್ತಿ ಪರಿಹಾರವಾಯಿತು.

ಫೆಬ್ರವರಿ 12, ಬುಧವಾರ

ಭಾವ ಬಂದಿದ್ದರು. ಇವರ ಅಣ್ಣ, ಫ್ರಿಜ್ ಅಂಗಡಿಯವರು. ಮನೆ ಇಬ್ಬರಿಗೂ ಸೇರಿದ್ದು — ಆದ್ದರಿಂದ ಶೆಡ್ಡೂ. ಅವರಿಗೆ ಗೋಡೌನ್ ಬೇಕಂತೆ. ಒಳಗೆ ಬಂದು, ಮೂಗು ಮುಚ್ಚಿಕೊಂಡು, "ಹೆಣ ಯಾವಾಗ ಎತ್ತೋದು?" ಎಂದರು. ಕಾರನ್ನು ಅವರು ಕರೆಯುವುದೇ ಹಾಗೆ.

ನನಗೂ ರೇಗಿತು. ಶೆಡ್ಡಿನ ಹೊರಗೆ ನಿಂತಿದ್ದ ಅತ್ತೆಯ ಎದುರಿಗೇ ಮಾತು ಕೊಟ್ಟುಬಿಟ್ಟೆ. ಏಪ್ರಿಲ್ ಮೂವತ್ತರೊಳಗೆ ಸರ್ಕಾರಿ ತಪಾಸಣೆಯಲ್ಲಿ ಪಾಸಾಗಿ, ಯಾರೂ ತಳ್ಳದೆ, ಯಾರೂ ಎಳೆಯದೆ ಈ ಗೇಟಿನೊಳಗೆ ಬಂದರೆ ಶೆಡ್ಡು ನನಗೆ, ಕಾರೂ ನನಗೆ. ಇಲ್ಲವೆಂದರೆ ಅದೇ ದಿನ ಗುಜರಿಯವನು ಬಂದು ಒಯ್ಯಲಿ. ಭಾವ ಕೈ ಕುಲುಕಿದರು. ಮುಖ ನೋಡಿದರೆ ಶೆಡ್ಡಿನಲ್ಲಿ ಫ್ರಿಜ್‌ಗಳನ್ನು ಆಗಲೇ ಸಾಲಾಗಿ ನಿಲ್ಲಿಸಿದ್ದರು.

ಇವರು ಆಮೇಲೆ ಕೇಳಿದರು, ಯಾಕೆ ಇಷ್ಟು ಹಟ ಎಂದು. ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನಾನು ಹಲ್ಲು ಮಾಡುವವಳು. ಡೆಂಟಿಸ್ಟ್ ಅಲ್ಲ, ಅವರ ಹಿಂದಿನ ಲ್ಯಾಬಿನವಳು. ಡಾಕ್ಟರು ಅಚ್ಚು ಕಳಿಸುತ್ತಾರೆ, ನಾನು ಮಾಡಿ ಕಳಿಸುತ್ತೇನೆ, ಯಾರ ಬಾಯಿಗೋ ಹೋಗುತ್ತದೆ. ಹಲ್ಲುಸೆಟ್ಟಿನಲ್ಲಿ ಎಲ್ಲವನ್ನೂ ನೆಟ್ಟಗೆ ಕೂರಿಸಿದರೆ ಸುಳ್ಳು ಎಂದು ಗೊತ್ತಾಗುತ್ತದೆ. ಅದಕ್ಕೇ ಮೇಲಿನ ಸಾಲಿನ ಒಂದು ಹಲ್ಲನ್ನು ಒಂಚೂರು ತಿರುಗಿಸುತ್ತೇನೆ, ಪಕ್ಕದವರ ಮಾತು ಕೇಳಿಸಿಕೊಳ್ಳುವ ಹಾಗೆ. ಆಗ ನಿಜದ ಬಾಯಿ. ಯಾರಿಗೂ ತಿಳಿಯುವುದಿಲ್ಲ. ತಿಳಿದರೆ ನನ್ನ ಕೆಲಸ ಕೆಟ್ಟಿದೆ ಎಂದರ್ಥ. ಇಷ್ಟು ವರ್ಷದಿಂದ ಹೀಗೆ. ಒಂದೇ ಒಂದು ವಸ್ತು, ನನ್ನ ಕೈಯದು, ರಸ್ತೆಯಲ್ಲಿ ಹೋಗುವವರು ನಿಂತು ನೋಡುವಂಥದ್ದು ಬೇಕು. ಅಷ್ಟೇ. ದೊಡ್ಡ ಆಸೆಯೇನಲ್ಲ. ದೊಡ್ಡದೇ ಇರಬಹುದು.

ಫೆಬ್ರವರಿ 23, ಭಾನುವಾರ

ಬೋಲ್ಟ್ ಬಂತು. ಬಾಗಿಲೂ ಬಂತು. ನೆಗ್ಗು ತೆಗೆದು, ಪುಟ್ಟಿ ಮೆತ್ತಿ, ನನ್ನ ಮೇಣದ ಚಾಕುವಿನಲ್ಲೇ ಅಂಚು ತಿದ್ದಿದೆ. ಆದರೆ ಮತ್ತೆ ಕೂರಿಸಿದರೆ ಮುಚ್ಚುವುದಿಲ್ಲ. ಎಲ್ಲೋ ಉಜ್ಜುತ್ತದೆ. ಎಲ್ಲಿ?

ಬೆಳಗ್ಗೆಯಿಂದ ಒದ್ದಾಡಿ, ಊಟಕ್ಕೆ ಕೂತಾಗ ಹೊಳೆಯಿತು. ಕಟ್ಟಿಸಿದ ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಕಾಗದ ಕಚ್ಚಿಸುತ್ತೇವಲ್ಲ... ಲ್ಯಾಬಿನಿಂದ ಒಂದು ಕಟ್ಟು ತಂದೆ. ಬಾಗಿಲಿನ ಸಂದಿಗೆ ಇಟ್ಟು ಮುಚ್ಚಿದೆ, ತೆಗೆದೆ. ಕಬ್ಬಿಣದ ಮೇಲೆ ಮೂರು ನೀಲಿ ಚುಕ್ಕೆ. ಅವನ್ನಷ್ಟೇ ಉಜ್ಜಿದೆ. ಮತ್ತೆ ಕಾಗದ, ಮತ್ತೆ ಉಜ್ಜು. ಸಂಜೆ ಐದಕ್ಕೆ ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಂಡಿತು. ಟಕ್. ಎಷ್ಟು ಸಲ ಮುಚ್ಚಿ ತೆಗೆದೆನೋ. ಅತ್ತೆ ಅಡುಗೆಮನೆಯಿಂದ ಕೂಗಿ ಹೇಳಿದರು, ಬಾಗಿಲು ಸವೆದುಹೋಗುತ್ತೆ, ಸಾಕು ಎಂದು.

ಮಾರ್ಚ್ 9, ಭಾನುವಾರ

ಎಂಜಿನ್. ಕೀಲಿ ತಿರುಗಿಸಿದರೆ ಕೆಮ್ಮುತ್ತದೆ, ಏಳುವುದಿಲ್ಲ. ಗಾಳಿ ಹೋಗುವ ಡಬ್ಬಿ ಬಿಚ್ಚಿದೆ. ಒಳಗೆ ಸಂಸಾರ ನಡೆದಿತ್ತು — ಹತ್ತಿ, ಸೀಟಿನ ಸ್ಪಂಜು, ಬಸ್ ಟಿಕೆಟ್ಟಿನ ಚೂರು, ಹೆಗ್ಗಣದ ಹಾಸಿಗೆ. ಹೆಗ್ಗಣ ಮನೆಯಲ್ಲಿರಲಿಲ್ಲ. ಭಾವ ಬಾಗಿಲಲ್ಲಿ ನಿಂತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈಗ ಅರ್ಥ ಆಯ್ತು," ಎಂದರು. ಡಬ್ಬಿ ತೊಳೆದು, ಹೊಸ ಫಿಲ್ಟರ್ ಹಾಕಿ, ಮತ್ತೆ ಕೀಲಿ ತಿರುಗಿಸಿದೆ.

ಎದ್ದಿತು.

ಶೆಡ್ಡಿನ ಹೆಂಚೆಲ್ಲ ಅದುರಿತು. ಭಾವ ಎರಡು ಹೆಜ್ಜೆ ಹಿಂದೆ ಸರಿದರು. ಇವರು ಟಾರ್ಚ್ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಹೊಗೆ ಎಂದು ಹೇಳಿದೆ. ಅರ್ಧ ನಿಮಿಷಕ್ಕೆ ನಿಂತುಹೋಯಿತು, ಕೆಳಗೆ ಹಸಿರು ನೀರಿನ ಮಡು. ರೇಡಿಯೇಟರ್ ತೂತು. ಇರಲಿ. ಹೆಣ ಕೂಗಿದ್ದನ್ನು ಭಾವ ಕಿವಿಯಾರೆ ಕೇಳಿದರಲ್ಲ.

ಮಾರ್ಚ್ 30, ಭಾನುವಾರ

ಬರೆದು ಮೂರು ವಾರ. ಬರೆಯುವಂಥದ್ದು ಏನೂ ಇರಲಿಲ್ಲ. ರೇಡಿಯೇಟರ್ ಬೆಸೆದೆ, ಸೋರಿತು. ಮತ್ತೆ ಬೆಸೆದೆ, ಬೇರೆ ಕಡೆ ಸೋರಿತು. ಎತ್ತು ಏರಿಗೆ, ಕೋಣ ನೀರಿಗೆ. ಲ್ಯಾಬಿನಲ್ಲಿ ಕೆಲಸ ರಾಶಿ. ಇವರ ಜೊತೆ ಜಗಳ, ಟಾರ್ಚಿನ ವಿಷಯಕ್ಕೇ. ಮೂರು ದಿನ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಒಬ್ಬಳೇ ಕೆಲಸ ಮಾಡಿದೆ. ದವಡೆ ನೋವು. ನನ್ನ ವೃತ್ತಿಯವಳಿಗೆ ಇದು ಮರ್ಯಾದೆಯಲ್ಲ.

ನಿನ್ನೆ ಸೋರುವುದು ನಿಂತಿತು. ಇವರ ಜೊತೆ ಮಾತೂ ಶುರುವಾಯಿತು.

ಏಪ್ರಿಲ್ 6, ಭಾನುವಾರ

ಬಣ್ಣ ಆಯಿತು. ಶೆಡ್ಡಿನ ಸುತ್ತ ಹಳೆಯ ಬೆಡ್‌ಶೀಟ್ ಇಳಿಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ, ಲ್ಯಾಬಿನ ಕಂಪ್ರೆಸರ್ ತಂದು ನಾನೇ ಹೊಡೆದೆ. ಇವರು ಧೂಳು ಏಳಬಾರದೆಂದು ಉಸಿರು ಬಿಗಿಹಿಡಿದು ಮೂಲೆಯಲ್ಲಿ ನಿಂತಿದ್ದರು. ಕೆಂಪು ಅಂದರೆ ಕೆಂಪು. ಬಾಗಿದರೆ ಮುಖ ಕಾಣುತ್ತದೆ. ಮುಖದ ಮೇಲೂ ಕೆಂಪು.

ಅತ್ತೆ ಇವತ್ತು ಮೊದಲ ಸಲ ಶೆಡ್ಡಿನೊಳಗೆ ಬಂದರು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮೆಷಿನ್ ತುಳಿದವರು, ನೋಡಿದ್ದು ಬಣ್ಣವನ್ನಲ್ಲ, ಸೀಟನ್ನು. ಹರಿದ ರೆಕ್ಸಿನ್ನಿಗೆ ಬೆರಳು ತೂರಿಸಿ, ಇದರ ಮೇಲೆ ಯಾರು ಕೂರುತ್ತಾರೆ ಎಂದು ಕೇಳಿದರು. ಸಂಜೆಗೆ ಅಟ್ಟದಿಂದ ಮೆಷಿನ್ ಇಳಿದಿತ್ತು. ನನಗೆ ಹೇಳಿದ್ದು ಒಂದೇ ಮಾತು:

"ಹೊಲಿದು ಕೊಡ್ತೀನಿ. ಆದ್ರೆ ಮೊದಲ್ನೇ ದಿನ ಪಕ್ಕದ ಸೀಟಲ್ಲಿ ನಾನು. ನಿನ್ನ ಗಂಡ ಅಲ್ಲ."

ಒಪ್ಪಿದೆ. ಇವರಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 13, ಭಾನುವಾರ

ಉಳಿದದ್ದು ಹಿಂದಿನ ಎಡ ದೀಪ. ಎಲ್ಲೂ ಸಿಗುವುದಿಲ್ಲ, ಈ ಮಾಡೆಲ್ ನಿಲ್ಲಿಸಿ ಎಷ್ಟೋ ವರ್ಷ. ಅಂಗಡಿಯವನು ನಕ್ಕು ಫೋನ್ ಇಟ್ಟ.

ಚೂರುಗಳಿದ್ದವಲ್ಲ. ಅವನ್ನೆಲ್ಲ ಮೇಣದಲ್ಲಿ ಜೋಡಿಸಿದೆ, ಮುರಿದ ಹಲ್ಲುಸೆಟ್ ಜೋಡಿಸುವ ಹಾಗೇ. ಕಾಣೆಯಾದ ಮೂಲೆಯನ್ನು ಮೇಣದಲ್ಲೇ ಕಟ್ಟಿದೆ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಹಲ್ಲುಸೆಟ್ಟಿನ ವಸಡು ಮಾಡುವ ಗುಲಾಬಿ ಪುಡಿಗೆ ಕೆಂಪು ಬಣ್ಣ ಬೆರೆಸಿ ತುಂಬಿದೆ. ಬಣ್ಣ ಹೊಂದಿಸುವುದು ನನ್ನ ಹೊಟ್ಟೆಪಾಡು — ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಬಲ ದೀಪವನ್ನು ಪಕ್ಕಕ್ಕಿಟ್ಟುಕೊಂಡು. ಅವಳಿ ಜವಳಿ. ಡಾಕ್ಟರು ನೋಡಿದ್ದರೂ ಹೇಳಲಾಗುತ್ತಿರಲಿಲ್ಲ. ಜಂಭ ಬಂತು. ಬರಲಿ ಬಿಡಿ, ಹತ್ತು ನಿಮಿಷ ಇದ್ದು ಹೋಗಲಿ.

ಏಪ್ರಿಲ್ 24, ಗುರುವಾರ

ಫೇಲ್.

ಸಾಗಿಸುವ ಲಾರಿಯ ಮೇಲೆ ಹೇರಿಕೊಂಡು ತಪಾಸಣೆಗೆ ಹೋದೆವು. ಬ್ರೇಕ್ ಪಾಸ್. ಹೊಗೆ ಪಾಸ್. ಸ್ಟೀರಿಂಗ್ ಪಾಸ್. ಇನ್‌ಸ್ಪೆಕ್ಟರ್ ಕಾರಿನ ಮುಂದೆ ನಿಂತು ಒಂದು ಸಲ ತಲೆದೂಗಿದರು ಕೂಡ. ಆಮೇಲೆ ಹಿಂದೆ ಹೋಗಿ ಬ್ರೇಕ್ ತುಳಿಯಲು ಹೇಳಿದರು. ಇವರು ತುಳಿದರು.

ಬಲಗಡೆ ಕೆಂಪು. ಎಡಗಡೆ ಗುಲಾಬಿ. ನಸುಗುಲಾಬಿ. ಅಪ್ಪಟ ವಸಡು.

ನೋಡುತ್ತಾ ನಿಂತೆ. ಹಲ್ಲನ್ನು ಮುಂದಿನಿಂದ ಬೆಳಕು ಬಿಟ್ಟು ನೋಡುತ್ತೇವೆ. ಬಾಯಿಯೊಳಗಿಂದ ಯಾರಿಗೂ ಬೆಳಕು ಬರುವುದಿಲ್ಲ. ಆ ಪುಡಿಯಲ್ಲಿ ಬಿಳಿ ಇರುತ್ತದೆ, ಹಿಂದೆ ಬಲ್ಬ್ ಹಚ್ಚಿದರೆ ಎದ್ದು ಕಾಣುತ್ತದೆ. ನನಗೆ ಗೊತ್ತಿರಬೇಕಿತ್ತು. ದೀಪ ಮಾಡಿ, ದೀಪ ಹಚ್ಚಿ ನೋಡದೆ ಇದ್ದವಳು ಭೂಮಿಯ ಮೇಲೆ ನಾನೊಬ್ಬಳೇ.

"ಕೆಲ್ಸ ಚೆನ್ನಾಗಿದೆ ಕಣಮ್ಮ," ಎಂದರು ಇನ್‌ಸ್ಪೆಕ್ಟರ್. "ಆದ್ರೆ ಹಿಂದೆ ಬರೋನಿಗೆ ಇದು ಬ್ರೇಕ್ ಅಂತ ಗೊತ್ತಾಗಬೇಕಲ್ಲ."

ಮತ್ತೆ ಬರಬಹುದಾದ ದಿನ ಮೂವತ್ತು. ಬೆಳಗ್ಗೆ. ಅದೇ ಕೊನೆಯ ದಿನ. ಸಂಜೆಯೊಳಗೆ ಭಾವನಿಗೆ ಸುದ್ದಿ ತಲುಪಿತ್ತು. ಫೋನ್ ಮಾಡಿ, ಗುಜರಿಯವನಿಗೆ ಮೂವತ್ತಕ್ಕೆ ಬರಲು ಹೇಳಿದ್ದೇನೆ ಎಂದರು. ದನಿಯಲ್ಲಿ ಕೆಟ್ಟತನವಿರಲಿಲ್ಲ, ಖುಷಿಯಿತ್ತು. ಅದು ಇನ್ನೂ ಉರಿಸಿತು.

ಏಪ್ರಿಲ್ 26, ಶನಿವಾರ

ಗುಲಾಬಿ ಪುಡಿ ಬೇಡ. ಪಾರದರ್ಶಕದ್ದು ಇದೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಕವಚ ಮಾಡುವಂಥದ್ದು. ಅದಕ್ಕೆ ಬರೀ ಕೆಂಪು. ಮಾಡಿದೆ — ಒಳಗೆಲ್ಲ ಗುಳ್ಳೆ. ಒತ್ತಡದಲ್ಲಿ ಬೇಯಿಸಬೇಕು. ಲ್ಯಾಬಿನ ಪಾತ್ರೆ ಹಲ್ಲಿನ ಅಳತೆಯದು, ಈ ಅಚ್ಚು ಹಿಡಿಸುವುದಿಲ್ಲ. ಹಲ್ಲಿದ್ದರೆ ಕಡಲೆ ಇಲ್ಲ.

ಅತ್ತೆ ಕೇಳಿದರು, ಎಷ್ಟು ದೊಡ್ಡ ಪಾತ್ರೆ ಬೇಕು ಎಂದು. ಕೈಯಲ್ಲಿ ತೋರಿಸಿದೆ. ಒಳಗೆ ಹೋಗಿ ತಮ್ಮ ದೊಡ್ಡ ಪ್ರೆಶರ್ ಕುಕ್ಕರ್ ತಂದು ಮುಂದಿಟ್ಟರು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ, ಮದುವೆಯಾಗಿ ಬಂದಾಗಿನಿಂದ ನಾನೂ ಮುಟ್ಟಿಲ್ಲ. ಅದರಲ್ಲಿ ಆಮೇಲೆ ಅಡುಗೆ ಮಾಡಲಾಗುವುದಿಲ್ಲ, ಹಾಳಾಗುತ್ತದೆ ಎಂದೆ.

"ಹಾಳಾದ್ರೆ ಹಾಳಾಗ್ಲಿ. ಆ ಸೀಟಿನ ಹೊಲಿಗೆ ಗುಜರಿಯವ್ನ ಪಾಲಾಗೋಕೆ ನಾನು ಬಿಡಲ್ಲ."

ಏಪ್ರಿಲ್ 28, ಸೋಮವಾರ

ಎರಡನೆಯದು ತೆಗೆಯುವಾಗ ಬಿರುಕು ಬಿಟ್ಟಿತು. ಅವಸರ, ಬಿಸಿಯಿದ್ದಾಗಲೇ ಬಿಚ್ಚಿದೆ. ಕುಣಿಯಲಾರದವಳು ನೆಲ ಡೊಂಕು ಎನ್ನುವ ಹಾಗಿಲ್ಲ, ತಪ್ಪು ನನ್ನದೇ. ಹೊಸ ಅಚ್ಚು ತೆಗೆದು ಮೂರನೆಯದನ್ನು ಇಟ್ಟು, ಕುಕ್ಕರ್ ತಾನಾಗಿ ತಣ್ಣಗಾಗುವವರೆಗೆ ಮುಟ್ಟಬಾರದೆಂದು ಲ್ಯಾಬಿಗೆ ಹೊರಟುಹೋದೆ. ಮಧ್ಯಾಹ್ನ ಬಂದು ಬಿಚ್ಚಿದೆ. ಗುಳ್ಳೆ ಇಲ್ಲ. ಬಿರುಕಿಲ್ಲ.

ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲು ಮಾಡಿದೆವು. ನಾನು ದೀಪವನ್ನು ಹಿಡಿದೆ. ಇವರು ಹಿಂದೆ ನಿಂತು ಟಾರ್ಚ್ ಹಚ್ಚಿದರು. ಹಿಡಿಯಬೇಕಾದ ಜಾಗದಲ್ಲೇ ಹಿಡಿದರು. ಕೈ ಅಲುಗಲಿಲ್ಲ.

ಕೆಂಪು.

ಆಮೇಲೆ ಇವರು ಮೆಲ್ಲಗೆ, ಪಕ್ಕದ ಸೀಟು ತಮ್ಮದು ತಾನೇ ಎಂದು ಕೇಳಿದರು. ಹೇಳಲೇಬೇಕಾಯಿತು.

ಏಪ್ರಿಲ್ 30, ಬುಧವಾರ, ಸಂಜೆ

ಪಾಸ್.

ಇನ್‌ಸ್ಪೆಕ್ಟರ್ ಹಿಂದೆ ನಿಂತು ಬ್ರೇಕ್ ತುಳಿಸಿದರು. ಬಗ್ಗಿ ನೋಡಿದರು. ಇನ್ನೊಮ್ಮೆ ತುಳಿಸಿದರು. ಸಹಿ ಹಾಕಿದರು. ಹೋಗುವಾಗ ಲಾರಿಯ ಮೇಲೆ, ಬರುವಾಗ ನಾವೇ. ಅಲ್ಲಿಯವರೆಗೆ ನಾನು ಓಡಿಸಿದ್ದು ಶೆಡ್ಡಿನಿಂದ ಗೇಟಿನವರೆಗೆ ಮಾತ್ರ. ಪಕ್ಕದಲ್ಲಿ ಅತ್ತೆ, ಮಾತಿನಂತೆ. ಇವರು ಬಸ್ಸಿನಲ್ಲಿ.

ದೊಡ್ಡ ರಸ್ತೆಯಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕಿದೆ, ಬೆನ್ನು ಸೀಟಿಗೆ ಅಂಟಿತು. ಅತ್ತೆ ಒಂದೇ ಒಂದು ಶಬ್ದ ಮಾಡಿದರು. ಭಯವೇನೋ ಎಂದು ನಿಧಾನಿಸಿದೆ. "ಯಾಕೆ ನಿಧಾನ ಮಾಡ್ದೆ?" ಎಂದರು.

ಬಸ್‌ಸ್ಟಾಪಿನವರು ನೋಡಿದರು. ಹೋಟೆಲಿನವನು ಲೋಟ ಹಿಡಿದುಕೊಂಡು ಹೊರಗೆ ಬಂದ. ಸ್ಕೂಟರಿನವನೊಬ್ಬ ಪಕ್ಕದಲ್ಲೇ ಬಂದು, ಎಲ್ಲಿ ತಗೊಂಡ್ರಿ ಎಂದು ಕೇಳಿದ. ಮಾಡಿದ್ದು ಎಂದೆ. ಕೂಗಿ ಹೇಳಿದೆ. ಹೇಳಲು ಎಷ್ಟು ಹಿತವಾಗಿತ್ತು.

ಆಸ್ಪತ್ರೆಯ ಮುಂದಿನ ಸಿಗ್ನಲ್. ಕೆಂಪು, ನಿಂತೆ. ಒಬ್ಬ ಮುದುಕರು ರಸ್ತೆ ದಾಟುತ್ತಿದ್ದರು, ಕೋಲು ಹಿಡಿದು. ಕಾರಿನ ಎದುರಿಗೆ ಬಂದವರು ನಿಂತುಬಿಟ್ಟರು. ಬಾನೆಟ್ ನೋಡಿದರು, ನನ್ನನ್ನು ನೋಡಿದರು, ಬಾಯಿತುಂಬ ನಕ್ಕರು. ಮೇಲಿನ ಸಾಲು. ಎಡಗಡೆ ಎರಡನೆಯದು ಒಂಚೂರು ತಿರುಗಿತ್ತು, ಪಕ್ಕದವರ ಮಾತು ಕೇಳಿಸಿಕೊಳ್ಳುವ ಹಾಗೆ.

ನನ್ನದು. ನನ್ನ ಕೈ ನನಗೆ ಗೊತ್ತಾಗುವುದಿಲ್ಲವೇ. ಆ ಬಾಯಿಯನ್ನು ಅಚ್ಚಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಅವರು ನನ್ನ ಹಲ್ಲಿನಲ್ಲಿ ನನ್ನ ಕಾರಿಗೆ ನಗುತ್ತಿದ್ದಾರೆ, ಎರಡೂ ನನ್ನವೆಂದು ಅವರಿಗೆ ಗೊತ್ತಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಹೊಡೆಯಲಿ. ಮುದುಕರು ಪೂರ್ತಿ ನಕ್ಕು, ನಿಧಾನವಾಗಿ ದಾಟಿ ಹೋದರು. ನಾನೂ ಅಷ್ಟೇ ನಕ್ಕೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ, ಬರೆದಿಡುತ್ತೇನೆ.

ಗೇಟಿನಲ್ಲಿ ಭಾವ, ಗುಜರಿಯವನು, ಅವನ ಲಾರಿ. ಯಾರೂ ತಳ್ಳದೆ, ಯಾರೂ ಎಳೆಯದೆ ಒಳಗೆ ಬಂದೆ. ಗುಜರಿಯವನು ಸುತ್ತ ಒಂದು ಸುತ್ತು ಬಂದು ಟೋಪಿ ತೆಗೆದ. ಭಾವ ಹಿಂದೆ ಹೋಗಿ ಬ್ರೇಕ್ ಒತ್ತಿಸಿದರು, ಬಹಳ ಹೊತ್ತು ನೋಡಿದರು. "ಇದ್ರಲ್ಲಿ ನೀನು ಮಾಡಿದ್ದು ಯಾವ್ದು?" ನೀವೇ ಹೇಳಿ ಭಾವ ಎಂದೆ. ಬಲಗಡೆಯದನ್ನು ತೋರಿಸಿದರು. ಇವರು ಆಗಷ್ಟೇ ಬಸ್ಸಿಳಿದು ಬಂದವರು, ಗೇಟಿನ ಕಂಬ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಫ್ರಿಜ್‌ಗಳಿಗೆ ಬೇರೆ ಜಾಗ ನೋಡುತ್ತಾರಂತೆ. ಹೆಣ ಎಂದು ಇನ್ನು ಕರೆಯುವುದಿಲ್ಲವಂತೆ. ಒಂದು ರೌಂಡ್ ಕರೆದುಕೊಂಡು ಹೋಗು ಎಂದು ಮೆಲ್ಲಗೆ ಕೇಳಿದರು. ಮೊದಲು ಇವರು, ಆಮೇಲೆ ನೀವು ಎಂದಿದ್ದೇನೆ. ಇವರು ಹೊರಗೆ ಕಾಯುತ್ತಿದ್ದಾರೆ, ಎರಡು ಸಾಲು ಬರೆದು ಬರುತ್ತೇನೆ ಎಂದು ಒಳಗೆ ಬಂದೆ. ಹಾರ್ನ್ ಕೇಳುತ್ತಿದೆ. ಇವರು ಹಾಗೆ ಹೊಡೆಯುವವರಲ್ಲ... ಕಿಟಕಿಯಿಂದ ನೋಡಿದೆ. ಇವರು ಗೇಟಿನ ಹತ್ತಿರ ನಿಂತಿದ್ದಾರೆ. ಭಾವನೂ ಅಲ್ಲೇ. ಕಾರಿನಲ್ಲಿ ಅತ್ತೆ, ಕನ್ನಡಕ ಹಾಕಿಕೊಂಡು, ಕೂದಲು ಬಿಗಿದು ಕಟ್ಟಿ — ಪಕ್ಕದ ಸೀಟಿನಲ್ಲಲ್ಲ, ಸ್ಟೀರಿಂಗ್ ಹಿಂದೆ. ಕೀಲಿ ನನ್ನ ಜೇಬಿನಲ್ಲೇ ಇರಬೇಕಿತ್ತಲ್ಲ, ಈಗ ನೋಡಿದರೆ ಜೇಬು ಖಾಲಿ.